ಫೈಲಿನ ಹೆಸರಿನ ಬಾಲ: ಮೊಬೈಲಿನ ಜೆಪಿಜಿಯಿಂದ ಸಿನಿಮಾದ ಡಿಪಿಎಕ್ಸ್‌ವರೆಗೆ

ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಕೊಪ್ಪಳದ ಫ್ಲೆಕ್ಸ್ ಅಂಗಡಿಗಳಲ್ಲಿ ಒಂದೇ ಮಾತು ದಿನವಿಡೀ ಕಿವಿಗೆ ಬೀಳುತ್ತದೆ. "ಅಣ್ಣಾರ, ಈ ಫೋಟೋ ಒಡೀತೈತ್ರಿ. ಒರಿಜಿನಲ್ ಇದ್ರ ಡಾಕ್ಯುಮೆಂಟ್ ಮಾಡಿ ಕಳಸ್ರಿ." ಆ ಕಡೆಯ ಉತ್ತರವೂ ಹೆಚ್ಚುಕಡಿಮೆ ಒಂದೇ. "ಅದೂ ಜೆಪಿಜಿ, ಇದೂ ಜೆಪಿಜಿ. ಏನ್ ಫರಕ್ ಐತಿ?"

ಪ್ರಶ್ನೆ ತಪ್ಪಲ್ಲ. ಹೆಸರಿನ ಕೊನೆಯಲ್ಲಿ ಅದೇ ಅಕ್ಷರಗಳಿದ್ದರೆ ಒಳಗಿರುವುದೂ ಅದೇ ಅಂತ ಅಂದುಕೊಳ್ಳುವುದು ಸಹಜ ಅಲ್ವಾ? ಆದರೆ ಚುಕ್ಕೆಯ ನಂತರದ ಆ ಅಕ್ಷರಗಳು, ಅಂದರೆ ಎಕ್ಸ್‌ಟೆನ್ಶನ್, ಹೇಳುವುದು ತುಂಬಾ ಕಡಿಮೆ. ಫೈಲ್ ಯಾವ ಜಾತಿಯದು ಅಂತ ಒಂದು ಸುಳಿವು, ಅಷ್ಟೇ. ಒಳಗೆ ಎಷ್ಟು ಚಿತ್ರ ಉಳಿದಿದೆ, ಎಷ್ಟು ಹೋಗಿದೆ ಎಂಬುದು ಬೇರೆಯೇ ಲೆಕ್ಕ.

ಮೊದಲು ಹೆಸರಿನ ವಿಷಯ ಮುಗಿಸೋಣ. ಎಂಎಸ್-ಡಾಸ್ ಕಾಲದಲ್ಲಿ ಫೈಲಿನ ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3 ಅಕ್ಷರ, ಅದಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿಯೇ ಜೆಪಿಇಜಿ ಎಂಬುದು ಜೆಪಿಜಿ ಆಯಿತು, ಟಿಐಎಫ್‌ಎಫ್ ಎಂಬುದು ಟಿಐಎಫ್ ಆಯಿತು. ವಿಂಡೋಸ್ 95 ಬಂದ ಮೇಲೆ ಉದ್ದ ಹೆಸರಿಗೆ ಅವಕಾಶ ಸಿಕ್ಕಿತು, ಆದರೆ ಚಿಕ್ಕ ಬಾಲ ಅಭ್ಯಾಸವಾಗಿ ಉಳಿಯಿತು. ಎರಡು ಬಗೆಯಲ್ಲಿ ಬರೆದರೂ ಫೈಲ್ ಒಂದೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದ್ದು ಹೆಸರು ತಿದ್ದುವ ಚಾಳಿಗೆ. ಐಫೋನ್‌ನಲ್ಲಿ 2017ರಿಂದ ಫೋಟೋ ಎಚ್‌ಇಐಸಿ ಆಗಿ ಉಳಿಯುತ್ತದೆ. ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಆಗ ಯಾರೋ ಒಬ್ಬರು ರೀನೇಮ್ ಮಾಡಿ ಬಾಲಕ್ಕೆ ಜೆಪಿಜಿ ಅಂತ ಹಾಕುತ್ತಾರೆ. ಸಿಂಧನೂರಿನ ಬಸ್ಸಿಗೆ ಗಂಗಾವತಿ ಬೋರ್ಡು ಸಿಕ್ಕಿಸಿದರೆ ಬಸ್ಸು ಗಂಗಾವತಿಗೆ ಹೋಗುತ್ತದೆಯೇ? ಹತ್ತಿದವರಿಗೆ ಫಜೀತಿ, ಅಷ್ಟೇ.

ಆದರೂ ಕೆಲವು ಸಲ ಈ ಉಪಾಯ ನಡೆದುಬಿಡುತ್ತದೆ. ಪಿಎನ್‌ಜಿ ಫೈಲಿಗೆ ಜೆಪಿಜಿ ಅಂತ ಹೆಸರಿಟ್ಟು ನೋಡಿ, ಬಹುತೇಕ ಫೋಟೋ ಆ್ಯಪ್‌ಗಳು ಏನೂ ಆಗಿಲ್ಲವೆಂಬಂತೆ ತೆರೆಯುತ್ತವೆ. ಅದನ್ನು ನೋಡಿದವರು "ಕನ್ವರ್ಟ್ ಆಯ್ತು" ಅಂತ ನಂಬುತ್ತಾರೆ. ಆಗಿರುವುದೇ ಬೇರೆ. ಬಾಲ ನೋಡಿ ಯಾವ ಆ್ಯಪ್ ಕರೆಯಬೇಕು ಅಂತ ತೀರ್ಮಾನಿಸಿದ್ದು ವಿಂಡೋಸ್. ಕರೆಸಿಕೊಂಡ ಆ್ಯಪ್ ಮಾತ್ರ ಬಾಲವನ್ನು ನಂಬದೆ ಫೈಲಿನ ತಲೆಯನ್ನು ನೋಡಿತು.

ತಲೆ ಅಂದರೆ ಫೈಲಿನ ಮೊದಲ ಕೆಲವು ಬೈಟ್‌ಗಳು. ಪ್ರತಿ ಫಾರ್ಮ್ಯಾಟಿಗೂ ಇಲ್ಲಿ ಒಂದು ಗುರುತು ಇರುತ್ತದೆ. ಬೇಕಾದರೆ ಒಂದು ಚಿತ್ರವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಸೇವ್ ಮಾತ್ರ ಮಾಡಬೇಡಿ. ಪರದೆ ತುಂಬಾ ಅರ್ಥವಿಲ್ಲದ ಗೀಚು ಬರುತ್ತದೆ. ಪಿಎನ್‌ಜಿ ಆಗಿದ್ದರೆ ಮೊದಲ ಸಾಲಿನಲ್ಲೇ ಇಂಗ್ಲಿಷಿನಲ್ಲಿ ಪಿ, ಎನ್, ಜಿ ಅಕ್ಷರಗಳು ಕಾಣುತ್ತವೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆಯ ಪಕ್ಕ ಪಿಡಿಎಫ್ ಅಂತ ಇರುತ್ತದೆ. ವರ್ಡ್ ಕಡತ ತೆರೆದರೆ ಪಿ, ಕೆ ಅಂತ ಎರಡಕ್ಷರ ಸಿಗುತ್ತದೆ. ಅದು ಜಿಪ್ ಫಾರ್ಮ್ಯಾಟ್ ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು, ಏಕೆಂದರೆ ಈಗಿನ ಡಾಕ್ಸ್ ಕಡತ ಒಳಗಿನಿಂದ ಒಂದು ಜಿಪ್ ಫೈಲೇ.

ನಮ್ಮ ಕಡೆ ಇದಕ್ಕೆ ಇನ್ನೊಂದು ಉದಾಹರಣೆ ದಿನಾ ಸಿಗುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅರ್ಜಿಯನ್ನು ನುಡಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಬಾಲ ಸರಿ ಇದೆ, ಫಾರ್ಮ್ಯಾಟೂ ಸರಿ ಇದೆ, ಒಳಗಿನ ಅಕ್ಷರಗಳ ಸಂಕೇತ ಮಾತ್ರ ಈಗಿನ ಎಲ್ಲ ಕಂಪ್ಯೂಟರಿಗೂ ಗೊತ್ತಿರುವ ಯೂನಿಕೋಡ್ ಅಲ್ಲ. ಫೈಲಿನ ಒಳಗೆ ಇಂಥ ಪದರ ಒಂದಲ್ಲ, ಹಲವು ಇರುತ್ತವೆ.

ಇಲ್ಲೇ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಮದುವೆ ಲಗ್ನಪತ್ರಿಕೆ ಅಂತ ಬಂದ ಫೈಲಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಮುಟ್ಟಬೇಡಿ. ಲಗ್ನಪತ್ರಿಕೆ ಪಿಡಿಎಫ್ ಆಗಿರಬಹುದು, ಚಿತ್ರವಾಗಿರಬಹುದು, ವಿಡಿಯೋ ಆಗಿರಬಹುದು. ಎಪಿಕೆ ಅಂದರೆ ಫೋನಿನಲ್ಲಿ ಇನ್‌ಸ್ಟಾಲ್ ಆಗುವ ಆ್ಯಪ್. ಕಂಪ್ಯೂಟರಿನಲ್ಲೂ ಇದೇ ಆಟ ಹಳೆಯದು. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ಲವ್ ಲೆಟರ್ ವೈರಸ್ಸಿನ ಹೆಸರಿನಲ್ಲಿ ಎರಡು ಬಾಲ ಇದ್ದವು, ಮೊದಲು ಟಿಎಕ್ಸ್‌ಟಿ, ಅಂದರೆ ಬರೀ ಪಠ್ಯ, ಆಮೇಲೆ ವಿಬಿಎಸ್, ಅಂದರೆ ತೆರೆದರೆ ಓಡುವ ಪ್ರೋಗ್ರಾಮ್. ಗೊತ್ತಿರುವ ಬಾಲಗಳನ್ನು ವಿಂಡೋಸ್ ಸಾಮಾನ್ಯವಾಗಿ ಮುಚ್ಚಿಡುವುದರಿಂದ ಜನರಿಗೆ ಕಂಡದ್ದು ಟಿಎಕ್ಸ್‌ಟಿ ಮಾತ್ರ. ನನ್ನನ್ನು ಕೇಳಿದರೆ, ಹೊಸ ಕಂಪ್ಯೂಟರ್ ತಂದ ದಿನವೇ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿಗೆ ಹೋಗಿ ಎಕ್ಸ್‌ಟೆನ್ಶನ್ ತೋರಿಸುವ ಆಯ್ಕೆಗೆ ಟಿಕ್ ಹಾಕಿಬಿಡಬೇಕು.

ಜೆಪಿಜಿ ಏನು ಬಿಸಾಡುತ್ತದೆ

ಈಗ ಫ್ಲೆಕ್ಸ್ ಅಂಗಡಿಯ ಪ್ರಶ್ನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಗಲಕ್ಕೆ 6000 ಪಿಕ್ಸೆಲ್ ಇರುತ್ತದೆ. ಅದನ್ನೇ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ 1600ರ ಆಸುಪಾಸಿಗೆ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. 10 ಅಡಿ ಅಗಲದ ಬ್ಯಾನರ್ ಎಂದರೆ 120 ಇಂಚು. ಭಾಗಿಸಿ ನೋಡಿ: ಮೂಲ ಚಿತ್ರದಲ್ಲಿ ಇಂಚಿಗೆ 50 ಪಿಕ್ಸೆಲ್, ವಾಟ್ಸಾಪ್‌ನದರಲ್ಲಿ 13. ಒಂದೊಂದು ಪಿಕ್ಸೆಲ್ ಸುಮಾರು 2 ಮಿಲಿಮೀಟರಿನ ಚೌಕ ಆಗುತ್ತದೆ. ಫೋಟೋ ಒಡೆಯುವುದು ಅಂದರೆ ಇದೇ.

ಅಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಜೆಪಿಜಿ ತಾನೂ ಒಂದಿಷ್ಟು ಬಿಸಾಡುತ್ತದೆ. ಈ ಮಾನದಂಡ 1992ರದು. ಕೆಲಸ ಹೀಗೆ: ಮೊದಲು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಬಣ್ಣದ ಮಾಹಿತಿಯನ್ನು ಸಾಮಾನ್ಯವಾಗಿ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸುತ್ತದೆ. ಆಮೇಲೆ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ತೀರಾ ನವಿರಾದ ಏರಿಳಿತಗಳನ್ನು ಒರಟು ಮಾಡಿ, ಉಳಿದದ್ದನ್ನು ಒತ್ತಿ ಕಟ್ಟುತ್ತದೆ. ಮುಖದ ಮೇಲೆ ಇದು ಗೊತ್ತಾಗುವುದಿಲ್ಲ. ಬಿಳಿ ಹಿನ್ನೆಲೆಯ ಮೇಲೆ ಕರಿ ಅಕ್ಷರ ಇದ್ದರೆ ಮಾತ್ರ ಅಂಚಿನ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕೆಗಳು ಕಾಣುತ್ತವೆ. ತೆರೆದು, ತಿದ್ದಿ, ಮತ್ತೆ ಸೇವ್ ಮಾಡಿದಾಗಲೆಲ್ಲ ಈ ಕತ್ತರಿ ಮತ್ತೆ ಆಡುತ್ತದೆ. ಸುಮ್ನೆ ತೆರೆದು ನೋಡಿದರೆ, ಕಾಪಿ ಮಾಡಿದರೆ ಏನೂ ಆಗುವುದಿಲ್ಲ.

ಅದಕ್ಕೇ ಲೋಗೊ, ಅಕ್ಷರ, ಸ್ಕ್ರೀನ್‌ಶಾಟ್ ಇಂಥವಕ್ಕೆ ಪಿಎನ್‌ಜಿ ಒಳ್ಳೆಯದು. ಅದು 1996ರಲ್ಲಿ ಬಂದದ್ದು, ಒತ್ತಿ ಕಟ್ಟಿದರೂ ಒಂದು ಪಿಕ್ಸೆಲ್ಲನ್ನೂ ಕಳೆಯುವುದಿಲ್ಲ. ಜಿಐಎಫ್ ಇನ್ನೂ ಹಳೆಯದು, 1987ರದು, 256 ಬಣ್ಣಕ್ಕೆ ಮುಗಿಯಿತು. ಟಿಐಎಫ್‌ಎಫ್ ಪ್ರಿಂಟಿಂಗ್‌ನವರ ಹಳೇ ನಂಬಿಕಸ್ಥ, ಏನನ್ನೂ ಕಳೆಯದೆ ಇಡಬಲ್ಲದು, ಆದರೆ ತೂಕ ಜಾಸ್ತಿ.

ಮೊರನಾಳದ ಪರದೆ

ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆ ಆಟಕ್ಕಾಗಿ. ಆ ಆಟವನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೋದವರಿಗೆ ಫಾರ್ಮ್ಯಾಟಿನ ಪಾಠ ಅಲ್ಲೇ ಸಿಗುತ್ತದೆ. ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣ ಹಚ್ಚಿದ ತೊಗಲು. ದೀಪದ ಸುತ್ತ ಕಣ್ಣು ಕುಕ್ಕುವ ಬೆಳಕು. ಪರದೆಯ ಅಂಚಿಗೆ ಹೋದರೆ ಮಬ್ಬು. ಮುಂದೆ ಕೂತ ಜನರ ಮುಖ ಕತ್ತಲಲ್ಲಿ. ಮೊಬೈಲಿನ ಜೆಪಿಜಿಯಲ್ಲಿ ದೀಪದ ಜಾಗ ಬರೀ ಬಿಳಿ ಆಗುತ್ತದೆ, ಜನ ಬರೀ ಕಪ್ಪು ಆಗುತ್ತಾರೆ. ಆಮೇಲೆ ಎಷ್ಟು ಬ್ರೈಟ್‌ನೆಸ್ ಏರಿಸಿದರೂ ಅಲ್ಲಿ ಏನೂ ಹುಟ್ಟುವುದಿಲ್ಲ.

ಕಾರಣ ಬಿಟ್‌ಗಳ ಲೆಕ್ಕ. ಜೆಪಿಜಿಯಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 8 ಬಿಟ್, ಅಂದರೆ 256 ಮೆಟ್ಟಿಲು. ಕ್ಯಾಮೆರಾದ ಸೆನ್ಸರ್ ಅಳೆದದ್ದು 12 ಅಥವಾ 14 ಬಿಟ್. 14 ಬಿಟ್ ಎಂದರೆ 16,384 ಮೆಟ್ಟಿಲು. ಆ ಅಳತೆಯನ್ನು ಹಾಗೇ ಇಟ್ಟುಕೊಂಡ ಫೈಲೇ ರಾ. ಕ್ಯಾನನ್‌ನಲ್ಲಿ ಅದರ ಬಾಲ ಸಿಆರ್2 ಅಥವಾ ಸಿಆರ್3, ನಿಕಾನ್‌ನಲ್ಲಿ ಎನ್‌ಇಎಫ್, ಸೋನಿಯಲ್ಲಿ ಎಆರ್‌ಡಬ್ಲ್ಯು. ಅಡೋಬಿ 2004ರಲ್ಲಿ ಎಲ್ಲರಿಗೂ ಒಂದೇ ಇರಲಿ ಅಂತ ಡಿಎನ್‌ಜಿ ತಂದಿತು, ಎಲ್ಲರೂ ಒಪ್ಪಿಕೊಳ್ಳಲಿಲ್ಲ. ರಾ ಇನ್ನೂ ಪೂರ್ತಿ ಚಿತ್ರವಲ್ಲ. ಸೆನ್ಸರಿನ ಪ್ರತಿ ಚುಕ್ಕೆಯ ಮೇಲೂ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದೇ ಬಣ್ಣದ ಗಾಜು ಇರುತ್ತದೆ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆ ಇದು. ಉಳಿದ ಎರಡು ಬಣ್ಣವನ್ನು ಅಕ್ಕಪಕ್ಕದ ಚುಕ್ಕೆಗಳಿಂದ ಊಹಿಸಿ ತುಂಬುವುದು ಸಾಫ್ಟ್‌ವೇರಿನ ಕೆಲಸ.

ಮದುವೆ ಸ್ಟುಡಿಯೋದವರು ರಾ ಕೊಡಲಿಲ್ಲ ಅಂತ ಜಗಳ ಮಾಡುವವರನ್ನು ನೋಡಿದ್ದೇನೆ. ಆಲ್ಬಂ ಮಾಡಿಸುವವರಿಗೆ ಕ್ಯಾಮೆರಾದ ಪೂರ್ತಿ ಅಳತೆಯ ಜೆಪಿಜಿ ಸಿಕ್ಕರೆ ಧಾರಾಳ ಸಾಕು.

ಪೆನ್ ಡ್ರೈವಿನ ಮದುವೆ ವಿಡಿಯೋ

ವಿಡಿಯೋಗೆ ಬಂದರೆ ಬಾಲ ಇನ್ನೂ ಕಡಿಮೆ ಹೇಳುತ್ತದೆ. ಎಂಪಿ4, ಎಂಕೆವಿ, ಎಂಒವಿ ಇವೆಲ್ಲ ಡಬ್ಬಿಗಳ ಹೆಸರು. ಒಳಗೆ ಚಿತ್ರ ಒಂದು ಬಗೆಯಲ್ಲಿ ಒತ್ತಿರುತ್ತದೆ, ಧ್ವನಿ ಇನ್ನೊಂದು ಬಗೆಯಲ್ಲಿ. ಹಾಗೆ ಒತ್ತುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. "ಟಿವಿಯಲ್ಲಿ ಚಿತ್ರ ಬರುತ್ತೆ, ಧ್ವನಿ ಬರಲ್ಲ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ: ಟಿವಿಗೆ ಡಬ್ಬಿ ಗೊತ್ತು, ಚಿತ್ರದ ಕೋಡೆಕ್ ಗೊತ್ತು, ಧ್ವನಿಯ ಕೋಡೆಕ್ ಗೊತ್ತಿಲ್ಲ. ಮನೆಯವರಿಗೆ ಕೊಡುವ ವಿಡಿಯೋವನ್ನು ಎಂಪಿ4 ಡಬ್ಬಿಯಲ್ಲಿ ಎಚ್.264 ಚಿತ್ರ, ಎಎಸಿ ಧ್ವನಿ ಇಟ್ಟು ಕೊಟ್ಟರೆ ತಕರಾರು ಬರುವುದು ಕಡಿಮೆ. ಪೆನ್ ಡ್ರೈವಿಗೆ ಕಾಪಿ ಆಗದೆ "ಫೈಲ್ ದೊಡ್ಡದು" ಅಂತ ಬಂದರೆ, ಜಾಗ ಖಾಲಿ ಇದ್ದರೂ ಬಂದರೆ, ಡ್ರೈವ್ ಫ್ಯಾಟ್32 ಎಂಬ ಹಳೇ ಜೋಡಣೆಯಲ್ಲಿದೆ ಅಂತ ತಿಳಿಯಿರಿ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆಯಿತು. ಒಳಗಿದ್ದದ್ದನ್ನು ಮೊದಲು ತೆಗೆದಿಟ್ಟುಕೊಳ್ಳಿ.

ಸಿನಿಮಾದಲ್ಲಿ ಫ್ರೇಮಿಗೊಂದು ಫೈಲ್

ಸಿನಿಮಾ ಮಾಡುವವರ ಕಂಪ್ಯೂಟರ್ ನೋಡಿದರೆ ಮೊದಲ ಸಲ ಯಾರಿಗಾದರೂ ಗಾಬರಿ ಆಗುತ್ತದೆ. ಒಂದು ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಚಿತ್ರಗಳು. ಸೆಕೆಂಡಿಗೆ 24 ಫ್ರೇಮ್, ಒಂದೊಂದಕ್ಕೂ ಒಂದು ಫೈಲ್. ಎರಡೂವರೆ ಗಂಟೆಯ ಸಿನಿಮಾಕ್ಕೆ 2,16,000 ಫೈಲ್. ಹೆಸರುಗಳೆಲ್ಲ ಸೊನ್ನೆಯಿಂದ ಶುರು: 0000001, 0000002. ಸುಮ್ನೆ 1, 2, 3 ಅಂತ ಇಟ್ಟರೆ ಎಷ್ಟೋ ಸಾಫ್ಟ್‌ವೇರ್‌ಗಳು 1ರ ನಂತರ 10, ಆಮೇಲೆ 100, ಆಮೇಲೆ 2 ಅಂತ ಜೋಡಿಸುತ್ತವೆ. ಕುದುರೆ ಸವಾರಿಯ ದೃಶ್ಯ ಚೆಲ್ಲಾಪಿಲ್ಲಿ ಆಗುತ್ತದೆ.

ಇಷ್ಟೆಲ್ಲ ಫೈಲ್ ಯಾಕೆ? ಒಂದು ಹಾಳಾದರೆ ಒಂದೇ ಫ್ರೇಮ್ ಹೋಗುತ್ತದೆ, ಸಿನಿಮಾ ಉಳಿಯುತ್ತದೆ. ಗ್ರಾಫಿಕ್ಸ್ ರೆಂಡರ್ ಆಗುವಾಗ, ಅಂದರೆ ಕಂಪ್ಯೂಟರ್ ಒಂದೊಂದೇ ಫ್ರೇಮ್ ಬಿಡಿಸುವಾಗ, ಕರೆಂಟ್ ಹೋದರೆ ನಿಂತ ಫ್ರೇಮಿನಿಂದ ಮುಂದುವರಿಸಬಹುದು. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಕೂತು ಕೆಲಸ ಮಾಡುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕೆಲಸವನ್ನು ಹತ್ತು ಕಂಪ್ಯೂಟರಿಗೆ ಹಂಚಲೂಬಹುದು.

ಇದರ ಮೂಲ ಇರುವುದು ಫಿಲಂ ರೀಲಿನಲ್ಲಿ. 35 ಮಿಲಿಮೀಟರ್ ಫಿಲಂನ ಒಂದು ಅಡಿಯಲ್ಲಿ 16 ಫ್ರೇಮ್, ನಿಮಿಷಕ್ಕೆ 90 ಅಡಿ. 1990ರ ದಶಕದ ಶುರುವಿನಲ್ಲಿ ಕೊಡಕ್ ಕಂಪನಿ ಈ ಫ್ರೇಮುಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ಮತ್ತೆ ಫಿಲಂಗೆ ಇಳಿಸುವ ಸಿನಿಯಾನ್ ವ್ಯವಸ್ಥೆ ಕಟ್ಟಿತು. ಅದರ ಫೈಲಿನ ಬಾಲ ಸಿಐಎನ್. ಅದನ್ನೇ ವಿಸ್ತರಿಸಿ, ಅಮೆರಿಕದ ಸಿನಿಮಾ ಎಂಜಿನಿಯರುಗಳ ಸಂಸ್ಥೆ ಎಸ್‌ಎಂಪಿಟಿಇ 1994ರಲ್ಲಿ ಡಿಪಿಎಕ್ಸ್ ಎಂಬ ಮಾನದಂಡ ಮಾಡಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಇದರ ತಲೆಯಲ್ಲಿ ಎಸ್‌ಡಿಪಿಎಕ್ಸ್ ಅಂತ ಕಾಣುತ್ತದೆ, ಕೆಲವು ಸಲ ಅದೇ ಅಕ್ಷರಗಳು ತಿರುಗುಮುರುಗಾಗಿ. ಅದರ ಬೆನ್ನಿಗೆ ಫ್ರೇಮಿನ ಸಮಯ ಹೇಳುವ ಟೈಮ್‌ಕೋಡ್, ಈ ಫ್ರೇಮ್ ನೆಗೆಟಿವ್‌ನ ಯಾವ ಜಾಗದ್ದು ಎಂಬ ವಿವರಕ್ಕೆಲ್ಲ ಜಾಗ ಇದೆ.

ಡಿಪಿಎಕ್ಸ್‌ನ ಅಸಲಿ ವಿಷಯ ಲಾಗ್. ಇಲ್ಲಿ ಸ್ವಲ್ಪ ನಿಂತು ನೋಡೋಣ. ಕತ್ತಲ ಕೋಣೆಯಲ್ಲಿ ಒಂದು ದೀಪ ಇದೆ, ಇನ್ನೊಂದು ಹಚ್ಚಿದಿರಿ. ತಟ್ಟನೆ ಗೊತ್ತಾಗುತ್ತದೆ. ನೂರು ದೀಪ ಉರಿಯುವಾಗ ಇನ್ನೊಂದು ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ನೋಡುವುದು ಎಷ್ಟು ಪಟ್ಟು ಹೆಚ್ಚಾಯಿತು ಅಂತ. ಬೆಳಕು ಎರಡು ಪಟ್ಟಾದರೆ ಕ್ಯಾಮೆರಾದವರು ಅದನ್ನು ಒಂದು ಸ್ಟಾಪ್ ಅನ್ನುತ್ತಾರೆ. 10 ಬಿಟ್‌ನಲ್ಲಿ 1024 ಮೆಟ್ಟಿಲು ಇವೆ. ಬೆಳಕನ್ನು ನೇರವಾಗಿ ಅಳೆದು ಬರೆದರೆ ಅತಿ ಪ್ರಕಾಶದ ಒಂದು ಸ್ಟಾಪ್ 512 ಮೆಟ್ಟಿಲು ನುಂಗುತ್ತದೆ. ಅದರ ಕೆಳಗಿನದಕ್ಕೆ 256, ಆಮೇಲೆ 128, 64, 32. ಎಂಟನೇ ಸ್ಟಾಪಿಗೆ ಬರುವಷ್ಟರಲ್ಲಿ ಕೈಗೆ ಉಳಿಯುವುದು 4. ಮೊರನಾಳದ ಕತ್ತಲಲ್ಲಿ ಕೂತ ಮುಖಗಳು ಇರುವುದು ಆ ನಾಲ್ಕರಲ್ಲಿ. ಕಣ್ಣಿಗೆ ಬೇಡವಾದ ಕಡೆ ದುಂದು, ಬೇಕಾದ ಕಡೆ ಬರ.

ಲಾಗ್ ಮಾಡುವುದು ಸಮ ಹಂಚಿಕೆ. ಸಿನಿಯಾನ್ ಲೆಕ್ಕದಲ್ಲಿ ಪ್ರತಿ ಸ್ಟಾಪಿಗೂ ಸುಮಾರು 90 ಮೆಟ್ಟಿಲು. ಕಪ್ಪನ್ನು 95ಕ್ಕೆ, ಬಿಳಿ ಬಟ್ಟೆಯ ಬಿಳಿಯನ್ನು 685ಕ್ಕೆ ಇಡುತ್ತಾರೆ. ಅದರ ಮೇಲೆ ಉಳಿದ 300ಕ್ಕೂ ಹೆಚ್ಚು ಮೆಟ್ಟಿಲು ದೀಪ, ಕಿಟಕಿ, ಕಂಚಿನ ಮೇಲಿನ ಮಿಂಚು ಇಂಥವಕ್ಕೆ ಮೀಸಲು. ಹಾಗಾಗಿ ಲಾಗ್ ಚಿತ್ರವನ್ನು ನೇರವಾಗಿ ನೋಡಿದರೆ ಬೂದಿ ಎರಚಿದ ಹಾಗೆ ಕಾಣುತ್ತದೆ. ಈಗ ಕೆಲವು ಮೊಬೈಲ್‌ಗಳಲ್ಲೂ ಲಾಗ್ ಇದೆ, ಐಫೋನ್ 15 ಪ್ರೊದಲ್ಲಿ 2023ರಿಂದ. ಬಳ್ಳಾರಿ ಕೋಟೆ ಹತ್ತಿ ಶಾರ್ಟ್ ಫಿಲಂ ತೆಗೆದ ಹುಡುಗರು ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿ "ಎಲ್ಲಾ ಮಬ್ಬಾಗೇತಿ" ಅಂತ ಅಳುವುದು ಇದಕ್ಕೇ. ಏನೂ ಹಾಳಾಗಿಲ್ಲ. ಗ್ರೇಡಿಂಗ್ ಮಾಡುವಾಗ, ಅಂದರೆ ಬಣ್ಣ ತಿದ್ದುವಾಗ, ಯಾವ ಮೆಟ್ಟಿಲಿಗೆ ಯಾವ ಬಣ್ಣ ಅಂತ ಹೇಳುವ ಎಲ್‌ಯುಟಿ ಎಂಬ ಪಟ್ಟಿ ಹಾಕಿದರೆ ಬಣ್ಣ ಮರಳುತ್ತದೆ, ಆಕಾಶದ ಮೋಡವೂ ಸಿಗುತ್ತದೆ.

ತೂಕಕ್ಕೆ ಬರೋಣ. ಮೂರು ಬಣ್ಣಕ್ಕೆ ತಲಾ 10 ಬಿಟ್, ಒಟ್ಟು 30. ಕಂಪ್ಯೂಟರಿಗೆ 32ರ ಕಟ್ಟು ಅನುಕೂಲ, ಹಾಗಾಗಿ 2 ಬಿಟ್ ಖಾಲಿ ಬಿಟ್ಟು ಪಿಕ್ಸೆಲ್ಲಿಗೆ 4 ಬೈಟ್. ಸ್ಕ್ಯಾನ್ ಮಾಡಿದ 2ಕೆ ಫ್ರೇಮ್ 2048 ಅಡ್ಡ, 1556 ಉದ್ದ. ಗುಣಿಸಿದರೆ ಒಂದು ಫ್ರೇಮಿಗೆ ಸುಮಾರು 12.7 ಎಂಬಿ. ಸೆಕೆಂಡಿಗೆ 306 ಎಂಬಿ. ಎರಡೂವರೆ ಗಂಟೆಗೆ 2.75 ಟೆರಾಬೈಟ್. 4ಕೆ ಆದರೆ ಅದರ ನಾಲ್ಕರಷ್ಟು.

ಗ್ರಾಫಿಕ್ಸ್‌ನವರಿಗೆ ಇದೂ ಸಾಲಲಿಲ್ಲ. ಹಾಲಿವುಡ್‌ನ ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್ ಸಂಸ್ಥೆ ತನಗಾಗಿ ಮಾಡಿಕೊಂಡು, 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಫಾರ್ಮ್ಯಾಟ್ ಓಪನ್‌ಇಎಕ್ಸ್‌ಆರ್, ಬಾಲ ಇಎಕ್ಸ್‌ಆರ್. ಇದರಲ್ಲಿ ಸಾಮಾನ್ಯವಾಗಿ ದಶಾಂಶದ ಸಂಖ್ಯೆಗಳೇ ಇರುತ್ತವೆ. "ಬಿಳಿ"ಗೆ 1 ಅಂತ ಇಟ್ಟುಕೊಂಡರೆ ದೀಪಕ್ಕೆ 40, ಸೂರ್ಯನಿಗೆ ಸಾವಿರಗಟ್ಟಲೆ ಅಂತ ಬರೆಯಬಹುದು. ಸ್ಟಾಪಿಗೆ 1024 ಮೆಟ್ಟಿಲು. ಹಿನ್ನೆಲೆ, ನೆರಳು, ಪಾತ್ರ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಎಲ್ಲವನ್ನೂ ಬೇರೆ ಬೇರೆ ಪದರವಾಗಿ ಒಂದೇ ಫೈಲಿನಲ್ಲಿ ಇಡಬಹುದು. ಇದರ ತಲೆಯ ಗುರುತಿನ ಸಂಖ್ಯೆ 20000630, ತಾರೀಕಿನ ಹಾಗೆ ಕಾಣುತ್ತದೆ.

ಟಾಕೀಸಿಗೆ ಹೋಗುವುದು ಇದ್ಯಾವುದೂ ಅಲ್ಲ. ಅಲ್ಲಿಗೆ ಹೋಗುವ ಕಟ್ಟಿನ ಹೆಸರು ಡಿಸಿಪಿ. ಅದರ ನಿಯಮಗಳು ಬಂದದ್ದು 2005ರಲ್ಲಿ. ಒಳಗೆ ಪ್ರತಿ ಫ್ರೇಮೂ 12 ಬಿಟ್‌ನ ಜೆಪಿಇಜಿ 2000 ಚಿತ್ರ. ಹೆಸರು ಹತ್ತಿರದ್ದಾದರೂ ಇದು ನಮ್ಮ ಜೆಪಿಜಿ ಅಲ್ಲ, 8ರ ಚೌಕಗಳ ಕತ್ತರಿ ಇಲ್ಲಿಲ್ಲ. ಚಿತ್ರವೆಲ್ಲ ಸೇರಿ ಎಂಎಕ್ಸ್‌ಎಫ್ ಡಬ್ಬಿಯಲ್ಲಿ ಕೂರುತ್ತದೆ. ಮಿತಿ ಸೆಕೆಂಡಿಗೆ 250 ಮೆಗಾಬಿಟ್, ಅಂದರೆ ಫ್ರೇಮಿಗೆ ಹೆಚ್ಚೆಂದರೆ 1.3 ಎಂಬಿ. ಬೀಗ ಹಾಕಿದ ಡಿಸಿಪಿ ಆದರೆ ಅದನ್ನು ತೆರೆಯಲು ಕೆಡಿಎಂ ಎಂಬ ಕೀಲಿ ಬೇರೆಯಾಗಿ ಬರುತ್ತದೆ. ಯಾವ ಸರ್ವರ್, ಯಾವ ದಿನದ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತ ಅದರಲ್ಲೇ ಇರುತ್ತದೆ. ಹಿಂದೆ ಒಂದೇ ಪ್ರಿಂಟಿನ ರೀಲುಗಳನ್ನು ಎರಡು ಟಾಕೀಸಿನ ನಡುವೆ ಸೈಕಲ್ ಮೇಲೆ ಓಡಿಸುತ್ತಿದ್ದ ಹಾಗೆ ಈಗ ಆಗದು. ಕೀಲಿ ಪಕ್ಕದ ಟಾಕೀಸಿನ ಸರ್ವರ್‌ನಲ್ಲಿ ಕೆಲಸ ಮಾಡುವುದಿಲ್ಲ.

ಇನ್ನು ಸಾಗಿಸುವುದು. ಆ 2.75 ಟೆರಾಬೈಟನ್ನು ಬಳ್ಳಾರಿಯಿಂದ ಬೆಂಗಳೂರಿಗೆ ಕಳಿಸಬೇಕು ಅನ್ನಿ. ಸೆಕೆಂಡಿಗೆ 100 ಮೆಗಾಬಿಟ್‌ನ ಅಪ್‌ಲೋಡ್ ಒಂದು ಕ್ಷಣವೂ ನಿಲ್ಲದೆ ನಡೆದರೂ 61 ಗಂಟೆ ಬೇಕು. ಹಾರ್ಡ್ ಡಿಸ್ಕ್ ಚೀಲದಲ್ಲಿಟ್ಟುಕೊಂಡು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಲುಪುತ್ತದೆ. ರೈಲೇ ಗೆಲ್ಲುತ್ತದೆ.

ಡಿಸ್ಕ್ ಕಳಿಸುವ ಮೊದಲು ಪ್ರತಿ ಫೈಲಿಗೂ ಒಂದು ಚೆಕ್‌ಸಮ್ ತೆಗೆದು ಪಠ್ಯದ ಕಡತದಲ್ಲಿ ಬರೆದಿಡುತ್ತಾರೆ. ಎಂಡಿ5 ವಿಧಾನದಲ್ಲಿ ಅದು 32 ಅಕ್ಷರಗಳ ಒಂದು ಸಾಲು. ಫೈಲಿನ ಒಳಗೆ ಒಂದು ಬಿಟ್ ಬದಲಾದರೂ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಹೆಸರು, ಬಾಲ ತಿದ್ದಿದರೆ ಮಾತ್ರ ಒಂದಕ್ಷರವೂ ಅಲ್ಲಾಡುವುದಿಲ್ಲ, ಏಕೆಂದರೆ ಚೆಕ್‌ಸಮ್ ಲೆಕ್ಕ ಹಾಕುವುದು ಒಳಗಿನ ಬೈಟ್‌ಗಳನ್ನಷ್ಟೇ. ಬೆಂಗಳೂರಿನಲ್ಲಿ ಡಿಸ್ಕ್ ಜೋಡಿಸಿದವರು ಚಿತ್ರ ನೋಡುವ ಮೊದಲು ಇದೇ ಲೆಕ್ಕವನ್ನು ಮತ್ತೆ ಹಾಕಿ ಎರಡೂ ಪಟ್ಟಿ ಹೋಲಿಸುತ್ತಾರೆ. 2,16,000 ಸಾಲಿನಲ್ಲಿ ಒಂದು ಹೊಂದದಿದ್ದರೆ ಆ ಫ್ರೇಮಿನ ನಂಬರ್ ಹೇಳಿ ಫೋನ್ ಮಾಡುತ್ತಾರೆ. ಆ ಒಂದು ಫೈಲನ್ನಷ್ಟೇ ಮತ್ತೆ ಕಳಿಸಿದರೆ ಸಾಕು, 12.7 ಎಂಬಿ ಮೊಬೈಲ್ ಡೇಟಾದಲ್ಲೇ ಹೋಗುತ್ತದೆ.